ಸ್ಪೋರ್ಟಿ ಹ್ಯಾಚ್‌ಬ್ಯಾಕೋ, ಸಣ್ಣ ಎಸ್‌ಯುವಿಯೋ? ಪೆರ್ಡೂರಿನ ಓದುಗರೊಬ್ಬರಿಗೆ ಉತ್ತರ

ಪ್ರಶ್ನೆ: ನನಗೆ 32 ವರ್ಷ. ಮನೆ ಪೆರ್ಡೂರಿನ ಹತ್ತಿರ, ಕೆಲಸ ಮಣಿಪಾಲದಲ್ಲಿ. ಹಳೇ ಸ್ವಿಫ್ಟ್ ಕೊಟ್ಟು ಹೊಸ ಕಾರು ತೆಗೆದುಕೊಳ್ಳಬೇಕು ಅಂತಿದ್ದೇನೆ. ಮನೆಯಲ್ಲಿ ಹೆಂಡತಿ, ನಾಲ್ಕು ವರ್ಷದ ಮಗಳು, ಮಂಡಿನೋವಿರುವ ಅಮ್ಮ. ತಿಂಗಳಿಗೊಮ್ಮೆ ಆಗುಂಬೆ ಹತ್ತಿ ತೀರ್ಥಹಳ್ಳಿಗೆ ಹೋಗುತ್ತೇವೆ, ಅದು ಹೆಂಡತಿಯ ತವರು. ಆಗಾಗ ಮಂಗಳೂರಿಗೂ ಹೋಗುವುದುಂಟು. ನನಗೆ ಡ್ರೈವಿಂಗ್ ಅಂದ್ರೆ ತುಂಬ ಇಷ್ಟ, ಕಣ್ಣಿರುವುದು ಹ್ಯುಂಡೈ ಐ20 ಎನ್ ಲೈನ್ ಮೇಲೆ. ಮನೆಯವರು, ಅದರಲ್ಲೂ ನನ್ನ ಭಾವ, "ನಮ್ಮ ರಸ್ತೆಗೆ ಎಸ್‌ಯುವಿಯೇ ಆಗಬೇಕು" ಎನ್ನುತ್ತಾರೆ. ಡಾಮರು ರಸ್ತೆಯಿಂದ ಮನೆಗೆ ಸುಮಾರು 150 ಮೀಟರ್ ಮಣ್ಣಿನ ಇಳಿಜಾರು ದಾರಿ ಇದೆ. ಬಜೆಟ್ ಆನ್ ರೋಡ್ 13 ಲಕ್ಷ. ಯಾವುದು ತೆಗೆದುಕೊಳ್ಳಲಿ?

ಉತ್ತರ: ನಿಮ್ಮ ಭಾವ "ನಮ್ಮ ರಸ್ತೆ" ಅಂತ ಹೇಳುವುದು ಯಾವ ರಸ್ತೆಯನ್ನು ಅಂತ ಮೊದಲು ಕೇಳಿ. ಪೆರ್ಡೂರಿನಿಂದ ಮಣಿಪಾಲಕ್ಕೆ ನೀವು ಹೋಗುವುದು ರಾಷ್ಟ್ರೀಯ ಹೆದ್ದಾರಿ 169ಎಯಲ್ಲಿ. ಉಡುಪಿಯಿಂದ ಮಂಗಳೂರಿಗೆ ಹೆದ್ದಾರಿ 66. ಎರಡರಲ್ಲೂ ದಿನಾ ಆಲ್ಟೊ, ವ್ಯಾಗನ್ ಆರ್, ರಿಕ್ಷಾ ಎಲ್ಲ ಓಡುತ್ತವೆ. ಹೊಂಡ ಇದೆ, ಹಂಪ್ ಇದೆ, ಒಪ್ಪಿದೆ. ಆದರೆ ಹತ್ತು ವರ್ಷದ ಹಿಂದೆ ಇದೇ ದಾರಿಯಲ್ಲಿ ಎಲ್ಲರೂ ಸ್ವಿಫ್ಟ್, ಐ10 ಓಡಿಸಿಕೊಂಡೇ ಸುಖವಾಗಿದ್ದರು. ನೀವೂ ಅದನ್ನೇ ಮಾಡಿದ್ದೀರಿ. ಹಾಗಾಗಿ ಹೆದ್ದಾರಿಗೆ ಹೆದರಿ ಎಸ್‌ಯುವಿ ತೆಗೆದುಕೊಳ್ಳುವ ಅಗತ್ಯ ಇಲ್ಲ. ನಿಮ್ಮ ಕಾರು ಯಾವುದು ಅಂತ ತೀರ್ಮಾನಿಸಬೇಕಾದದ್ದು ಕೊನೆಯ ಆ 150 ಮೀಟರ್, ಮತ್ತು ಅಮ್ಮನ ಮಂಡಿ.

ಅಲ್ಲಿಗೆ ಹೋಗುವ ಮೊದಲು ಒಂದು ಮಾತು. ನೀವು ಅಂದುಕೊಂಡಷ್ಟು ದೂರ ಈ ಎರಡು ಜಾತಿಯ ಕಾರುಗಳ ನಡುವೆ ಇಲ್ಲ. ಐ20ಯ ಉದ್ದ 3995 ಮಿ.ಮೀ. ಸಣ್ಣ ಎಸ್‌ಯುವಿಗಳನ್ನು ನೋಡಿ: ಟಾಟಾ ನೆಕ್ಸಾನ್ 3995. ಮಾರುತಿ ಫ್ರಾಂಕ್ಸ್ 3995. ಸ್ಕೋಡಾ ಕೈಲಾಕ್ ಕೂಡ 3995. ಇದೇನು ಕಾಕತಾಳೀಯ ಅಲ್ಲ. ನಾಲ್ಕು ಮೀಟರ್ ಒಳಗಿದ್ದು, ಪೆಟ್ರೋಲ್ ಎಂಜಿನ್ 1200 ಸಿಸಿ ದಾಟದಿದ್ದರೆ ಮಾತ್ರ ಕಡಿಮೆ ತೆರಿಗೆ. 2025ರ ಸೆಪ್ಟೆಂಬರ್ 22ರಿಂದ ಅಂಥ ಕಾರಿಗೆ ಜಿಎಸ್‌ಟಿ ಶೇ. 18, ಆ ಮಿತಿ ದಾಟಿದರೆ ಶೇ. 40. ಕಂಪನಿಗಳು ಸ್ಕೇಲ್ ಹಿಡಿದುಕೊಂಡೇ ಕಾರು ಮಾಡುತ್ತವೆ. ಆದ್ದರಿಂದ "ಎಸ್‌ಯುವಿ ದೊಡ್ಡದು, ಪಾರ್ಕಿಂಗ್ ಕಷ್ಟ" ಎನ್ನುವ ಮಾತಿಗೂ ಅರ್ಥವಿಲ್ಲ, "ಹ್ಯಾಚ್‌ಬ್ಯಾಕ್ ಚಿಕ್ಕದು, ಸಾಮಾನು ಹಿಡಿಸುವುದಿಲ್ಲ" ಎನ್ನುವುದೂ ಯಾವಾಗಲೂ ನಿಜ ಅಲ್ಲ. ಐ20ಯ ಡಿಕ್ಕಿ 311 ಲೀಟರ್, ಫ್ರಾಂಕ್ಸ್‌ನದು 308. ಮೇಲಿನಿಂದ ಎಸ್‌ಯುವಿಯಂತೆ ಕಾಣುವ ಫ್ರಾಂಕ್ಸ್ ಅಡಿಯಲ್ಲಿ ಬಲೆನೊ ಹ್ಯಾಚ್‌ಬ್ಯಾಕ್ ತಾನೇ!

ಎಂಜಿನ್ ಕಥೆಯೂ ಹೀಗೆಯೇ. ನೀವು ಕಣ್ಣಿಟ್ಟ ಎನ್ ಲೈನ್, ಅಂದರೆ ಐ20ಯ ಸ್ಪೋರ್ಟಿ ಮಾದರಿಯಲ್ಲಿರುವುದು 998 ಸಿಸಿಯ ಮೂರು ಸಿಲಿಂಡರ್ ಟರ್ಬೊ (ಎಂಜಿನ್‌ಗೆ ಹೆಚ್ಚು ಗಾಳಿ ಒತ್ತಿ ತುಂಬುವ ಸಾಧನ ಇರುವಂಥದ್ದು), 120 ಪಿಎಸ್ ಶಕ್ತಿ, 172 ಎನ್‌ಎಂ ಟಾರ್ಕ್, ಅಂದರೆ ಎಳೆಯುವ ಬಲ. ಅದೇ ಎಂಜಿನ್ ಹ್ಯುಂಡೈನ ಸಣ್ಣ ಎಸ್‌ಯುವಿ ವೆನ್ಯೂದಲ್ಲೂ ಇದೆ. ನೆಕ್ಸಾನ್‌ನ 1.2 ಟರ್ಬೊ ಕೂಡ 120 ಪಿಎಸ್, 170 ಎನ್‌ಎಂ. ಅಂದರೆ ನೇರ ರಸ್ತೆಯಲ್ಲಿ ನಿಮ್ಮ ಭಾವ ಸಣ್ಣ ಎಸ್‌ಯುವಿ ಓಡಿಸಿದರೆ ನೀವು ಅವರನ್ನು ತುಂಬ ಹಿಂದೆ ಹಾಕುತ್ತೀರಿ ಅಂದುಕೊಳ್ಳಬೇಡಿ. ನಿಜವಾದ "ಹಾಟ್ ಹ್ಯಾಚ್" ಅಂದರೆ 2025ರಲ್ಲಿ ಇಲ್ಲಿಗೆ ಬಂದ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ ಥರದ್ದು. ಎರಡು ಲೀಟರ್ ಟರ್ಬೊ, 265 ಪಿಎಸ್, ಬೆಲೆ 50 ಲಕ್ಷದ ಮೇಲೆ. ಅದು ನಮ್ಮ ಮಾತಿನ ಆಚೆಗಿನ ವಿಷಯ.

ಹಾಗಾದರೆ ಎನ್ ಲೈನ್‌ನಲ್ಲಿ ಸ್ಪೋರ್ಟಿ ಏನು? ಸಸ್ಪೆನ್ಶನ್ ಸ್ವಲ್ಪ ಗಟ್ಟಿ, ಸ್ಟೀರಿಂಗ್ ಸ್ವಲ್ಪ ಭಾರ, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್, ಎಕ್ಸಾಸ್ಟ್‌ಗೆ ಬೇರೆ ಸದ್ದು. ಜೊತೆಗೆ ಕಾರು ತಗ್ಗಾಗಿದೆ. ಐ20ಯ ಎತ್ತರ 1505 ಮಿ.ಮೀ., ನೆಕ್ಸಾನ್‌ನದು 1620. ತಗ್ಗಿನ ಕಾರು ತಿರುವಿನಲ್ಲಿ ಕಡಿಮೆ ವಾಲುತ್ತದೆ, ಸ್ಟೀರಿಂಗ್ ತಿರುಗಿಸಿದ ಕೂಡಲೇ ಮೂತಿ ತಿರುಗುತ್ತದೆ. ಡ್ರೈವಿಂಗ್ ಇಷ್ಟಪಡುವವರಿಗೆ ಇದು ಸಣ್ಣ ವಿಷಯ ಅಲ್ಲ. ದಿನಾ ಬೆಳಿಗ್ಗೆ ಪರ್ಕಳದ ಏರು ಹತ್ತುವಾಗಲೂ ಆ ಖುಷಿ ಸಿಗುತ್ತದೆ. ಅದನ್ನು "ಹುಡುಗಾಟ" ಅಂತ ತಳ್ಳಿಹಾಕುವವರ ಮಾತು ನಾನು ಒಪ್ಪುವುದಿಲ್ಲ. ಹದಿಮೂರು ಲಕ್ಷ ಕೊಟ್ಟು ಮನಸ್ಸಿಗೆ ಹಿಡಿಸದ ಕಾರು ಯಾಕೆ ತರಬೇಕು?

ಆದರೆ ಆಗುಂಬೆ ಲೆಕ್ಕ ಬೇರೆ. ಆ 14 ಹೇರ್‌ಪಿನ್ ತಿರುವುಗಳನ್ನು ನೆನಪಿಸಿಕೊಳ್ಳಿ. ಅಲ್ಲಿ ಕಾರಿನ ಹ್ಯಾಂಡ್ಲಿಂಗ್ ತೋರಿಸುವ ವೇಗಕ್ಕೆ ಯಾರೂ ಹೋಗುವುದಿಲ್ಲ, ಹೋಗಲೂಬಾರದು. ಮುಂದೆ ಒಂದು ಮಿನಿ ಬಸ್ ಇದ್ದರೆ ಫಸ್ಟ್ ಗೇರು, ಸೆಕೆಂಡ್ ಗೇರು, ಮತ್ತೆ ಫಸ್ಟ್. ಅಲ್ಲಿ ಬೇಕಾದದ್ದು ಕೆಳಗಿನ ಆರ್‌ಪಿಎಂನಲ್ಲಿ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಎಳೆಯುವ ಎಂಜಿನ್. ಸಣ್ಣ ಟರ್ಬೊ ಎಂಜಿನ್‌ಗಳ ದೌರ್ಬಲ್ಯ ಇರುವುದೇ ಇಲ್ಲಿ. ಸುಮಾರು 1500 ಆರ್‌ಪಿಎಂ ಕೆಳಗೆ ಟರ್ಬೊ ಎಚ್ಚರವಾಗಿರುವುದಿಲ್ಲ. ಸೆಕೆಂಡ್ ಗೇರಿನಲ್ಲೇ ತಿರುವು ಹತ್ತಲು ಹೋದರೆ ಕಾರು ಉಸಿರು ಕಟ್ಟಿದ ಹಾಗೆ ನಿಂತುಬಿಡುತ್ತದೆ. ಹಳೇ ಡೀಸೆಲ್ ಓಡಿಸಿ ಅಭ್ಯಾಸ ಇದ್ದವರಿಗೆ ಇದು ಮೊದಲ ಸಲ ಗಾಬರಿ ಹುಟ್ಟಿಸುತ್ತದೆ. ಹ್ಯಾಚ್‌ಬ್ಯಾಕ್ ಆದರೂ ಎಸ್‌ಯುವಿ ಆದರೂ ಇದು ಒಂದೇ. ಎಸ್‌ಯುವಿ ಸಾಮಾನ್ಯವಾಗಿ ಭಾರ ಜಾಸ್ತಿ, ಹಾಗಾಗಿ ಸ್ವಲ್ಪ ಹೆಚ್ಚೇ ಗೊತ್ತಾಗುತ್ತದೆ.

ಗೇರ್‌ಬಾಕ್ಸ್ ವಿಷಯ ನೀವು ಬರೆದಿಲ್ಲ. ಆಟೊಮ್ಯಾಟಿಕ್ ಯೋಚನೆ ಇದ್ದರೆ ಇದನ್ನು ಗಮನಿಸಿ. ಎನ್ ಲೈನ್‌ನ ಆಟೊಮ್ಯಾಟಿಕ್ ಏಳು ಗೇರಿನ ಡ್ಯುಯಲ್ ಕ್ಲಚ್ (ಎರಡು ಕ್ಲಚ್ ಸರದಿಯಲ್ಲಿ ಗೇರು ಬದಲಿಸುವಂಥದ್ದು), ಅದರಲ್ಲೂ ಡ್ರೈ ಕ್ಲಚ್, ಅಂದರೆ ತಂಪು ಮಾಡಲು ಎಣ್ಣೆ ಇಲ್ಲದ್ದು. ಹೆದ್ದಾರಿಯಲ್ಲಿ ಅದರಷ್ಟು ಚುರುಕು ಬೇರೆ ಇಲ್ಲ. ಆದರೆ ಏರಿನಲ್ಲಿ ಲಾರಿಯ ಹಿಂದೆ ಇಂಚಿಂಚೇ ಹೋಗುವಾಗ ಕ್ಲಚ್ ಅರ್ಧ ಹಿಡಿದು ಅರ್ಧ ಬಿಟ್ಟ ಸ್ಥಿತಿಯಲ್ಲೇ ಇದ್ದು ಬಿಸಿಯಾಗುತ್ತದೆ. ಶಿರಾಡಿ ಘಾಟಿಯಲ್ಲಿ ಟ್ರಾಫಿಕ್ ಜಾಮ್ ಆದ ದಿನ ಇದು ಗೊತ್ತಾಗುತ್ತದೆ. ಅಲ್ಲಿ ಆಕ್ಸಿಲರೇಟರ್‌ನಿಂದಲೇ ಕಾರನ್ನು ಏರಿನಲ್ಲಿ ಹಿಡಿದು ನಿಲ್ಲಿಸಬೇಡಿ, ಬ್ರೇಕ್ ಒತ್ತಿ ನಿಲ್ಲಿ, ಮುಂದೆ ಜಾಗ ಆದ ಮೇಲೆ ಒಮ್ಮೆಲೇ ಸಾಗಿ. ಘಾಟಿಗೆ ಆಟೊಮ್ಯಾಟಿಕ್ ಬೇಕು ಅಂತಾದರೆ ಟಾರ್ಕ್ ಕನ್ವರ್ಟರ್ (ಕ್ಲಚ್ ಬದಲು ಎಣ್ಣೆಯ ಮೂಲಕ ಶಕ್ತಿ ದಾಟಿಸುವ ಬಗೆ) ನಿಶ್ಚಿಂತೆ. ಫ್ರಾಂಕ್ಸ್ ಟರ್ಬೊ, ಕೈಲಾಕ್, ಮಹೀಂದ್ರಾ ಎಕ್ಸ್‌ಯುವಿ 3ಎಕ್ಸ್ಒ ಮೂರರಲ್ಲೂ ಅದು ಸಿಗುತ್ತದೆ. ಡ್ರೈವಿಂಗ್ ಇಷ್ಟ ಎನ್ನುವ ನೀವು ಮ್ಯಾನುವಲ್ಲೇ ತೆಗೆದುಕೊಳ್ಳುತ್ತೀರಿ ಅಂತ ನನ್ನ ಊಹೆ.

ಈಗ ಮನೆಯ ದಾರಿಗೆ ಬರೋಣ. ನಮ್ಮ ಕಡೆ ಇಂಥ ದಾರಿಗಳಲ್ಲಿ ಕಾರಿನ ಅಡಿ ಹೊಡೆಯುವುದು ಸಾಮಾನ್ಯವಾಗಿ ಹೊಂಡದಲ್ಲಿ ಅಲ್ಲ. ಎತ್ತರದ ರಸ್ತೆಯಿಂದ ಮಣ್ಣಿನ ಇಳಿಜಾರಿಗೆ ಇಳಿಯುವ ಆ ಒಂದು ದಿಣ್ಣೆಯಲ್ಲಿ. ಮುಂದಿನ ಚಕ್ರ ಕೆಳಗೆ, ಹಿಂದಿನ ಚಕ್ರ ಮೇಲೆ, ನಡುವೆ ಹೊಟ್ಟೆ ನೆಲಕ್ಕೆ ತಾಗುತ್ತದೆ. ಇಲ್ಲಿ ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲದಿಂದ ಕಾರಿನ ಅಡಿಗಿರುವ ಎತ್ತರ ಮಾತ್ರ ನೋಡಿದರೆ ಸಾಲದು. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ದೂರ, ಅಂದರೆ ವೀಲ್‌ಬೇಸ್ ಜಾಸ್ತಿ ಆದಷ್ಟೂ ಹೊಟ್ಟೆ ಬೇಗ ತಾಗುತ್ತದೆ. ಐ20ಗೆ ಕ್ಲಿಯರೆನ್ಸ್ 170 ಮಿ.ಮೀ., ವೀಲ್‌ಬೇಸ್ 2580. ನೆಕ್ಸಾನ್‌ಗೆ 208 ಮತ್ತು 2498. ಕೈಲಾಕ್‌ಗೆ 189 ಮತ್ತು 2566. ಶಾಲೆಯಲ್ಲಿ ಕಲಿತ ತ್ರಿಕೋನದ ಲೆಕ್ಕ ಹಾಕಿದರೆ, ಐ20 ಸುಮಾರು 15 ಡಿಗ್ರಿಯ ದಿಣ್ಣೆ ದಾಟುತ್ತದೆ, ಕೈಲಾಕ್ ಸುಮಾರು 17, ನೆಕ್ಸಾನ್ ಸುಮಾರು 19. ಕೇಳಲು ಎರಡೋ ನಾಲ್ಕೋ ಡಿಗ್ರಿ ಅಷ್ಟೇ. ಆದರೆ ತಾಗುವುದಕ್ಕೂ ತಾಗದಿರುವುದಕ್ಕೂ ಅಷ್ಟೇ ಸಾಕು.

ಇನ್ನೊಂದು ವಿಷಯ: ಕಂಪನಿಯವರು ಸಾಮಾನ್ಯವಾಗಿ ಹೇಳುವುದು ಖಾಲಿ ಕಾರಿನ ಅಳತೆ. ನಾಲ್ಕು ಜನ ಕೂತು, ಡಿಕ್ಕಿಯಲ್ಲಿ ತೀರ್ಥಹಳ್ಳಿಯಿಂದ ತಂದ ಅಕ್ಕಿ ಮೂಟೆ ಇಟ್ಟರೆ ಕಾರು ಚೆನ್ನಾಗಿಯೇ ತಗ್ಗುತ್ತದೆ. ಆದ್ದರಿಂದ ಟೆಸ್ಟ್ ಡ್ರೈವ್ ಅಂತ ಶೋರೂಮಿನ ಎದುರಿನ ಹೆದ್ದಾರಿಯಲ್ಲಿ ಒಂದು ರೌಂಡ್ ಹೊಡೆದು ಬರಬೇಡಿ. ಕಾರನ್ನು ಮನೆಗೇ ತರಿಸಿ. ಸೇಲ್ಸ್‌ನವರು ಪೆರ್ಡೂರು ದೂರ ಎನ್ನಬಹುದು, ಬಿಡಬೇಡಿ. ಅಮ್ಮ, ಹೆಂಡತಿ, ಮಗಳು ಎಲ್ಲರನ್ನೂ ಕೂರಿಸಿ, ಭಾವನನ್ನೂ ಕೂರಿಸಿ, ನಿಧಾನವಾಗಿ ಆ ದಿಣ್ಣೆ ಇಳಿಸಿ, ಮತ್ತೆ ಹತ್ತಿಸಿ. ಒಮ್ಮೆ ನೇರ, ಒಮ್ಮೆ ಓರೆಯಾಗಿ. ಕಾರು ಓರೆಯಾಗಿ ಇಳಿದರೆ ತಾಗುವುದು ಕಡಿಮೆ, ಆದರೆ ದಾರಿ ಅಷ್ಟು ಅಗಲ ಇರಬೇಕಲ್ವಾ?

ತಾಗಿದರೂ ಐ20 ಆಸೆ ಅಲ್ಲಿಗೇ ಮುಗಿಯಿತು ಅಂತಲ್ಲ. ದಾರಿ ನಿಮ್ಮದೇ ಜಾಗದಲ್ಲಿದ್ದರೆ ದಿಣ್ಣೆಯ ಕೆಳಗೆ ಒಂದು ಲೋಡ್ ಜಲ್ಲಿ ಮಣ್ಣು ಹಾಕಿಸಿ, ಇಳಿಜಾರನ್ನು ಉದ್ದ ಮಾಡಿ, ಎರಡು ಗಾಲಿ ಹೋಗುವಷ್ಟು ಅಗಲಕ್ಕೆ ಕಾಂಕ್ರೀಟ್ ಪಟ್ಟಿ ಹೊಡೆಸಿ. ಕಾರಿನ ಬೆಲೆಯ ಎದುರು ಅದು ದೊಡ್ಡ ಖರ್ಚಲ್ಲ. ಮಳೆನೀರು ಹೋಗಲು ಬದಿಯಲ್ಲಿ ಚರಂಡಿ ಬಿಡಲು ಮರೆಯಬೇಡಿ, ಇಲ್ಲದಿದ್ದರೆ ಮೊದಲ ಮಳೆಗಾಲಕ್ಕೇ ಎಲ್ಲ ತೋಡಿಗೆ ಹೋಗುತ್ತದೆ. ಜನ ದಾರಿ ಸರಿಮಾಡುವ ಬದಲು ಕಾರಿನ ಎತ್ತರ ಹೆಚ್ಚಿಸುತ್ತಾ ಹೋಗುವುದು ನನಗೆ ಇನ್ನೂ ಅರ್ಥವಾಗಿಲ್ಲ.

ಮಳೆಗಾಲದಲ್ಲಿ ಜೇಡಿಮಣ್ಣಿನ ಏರು ಹತ್ತುವ ಮಾತಿಗೆ ಬಂದರೆ, ಭಾವನ ವಾದ ಸ್ವಲ್ಪ ಜಾರುತ್ತದೆ. ಈ ಸಣ್ಣ ಎಸ್‌ಯುವಿಗಳೆಲ್ಲ ಮುಂದಿನ ಎರಡು ಚಕ್ರದಿಂದ ಎಳೆಯುವಂಥವು. ಮಾರುತಿ ಜಿಮ್ನಿ, ಮಹೀಂದ್ರಾ ಥಾರ್ ಥರದ ಫೋರ್ ವೀಲ್ ಡ್ರೈವ್ ಬೇರೆ. ಏರಿನಲ್ಲಿ ಭಾರ ಹಿಂದಕ್ಕೆ ಸರಿಯುತ್ತದೆ, ಮುಂದಿನ ಚಕ್ರದ ಹಿಡಿತ ಕಡಿಮೆಯಾಗುತ್ತದೆ, ಚಕ್ರ ಸುಮ್ನೆ ತಿರುಗುತ್ತದೆ. ಎತ್ತರದ ಕಾರು ಅಂತ ಅದು ಬಿಡುವುದಿಲ್ಲ. ಜಾಗ ಇದ್ದರೆ ರಿವರ್ಸಿನಲ್ಲಿ ಹತ್ತಿಸಿ ನೋಡಿ, ಹಿಡಿತ ಹೆಚ್ಚು ಸಿಗುತ್ತದೆ. ಭಾರ ಆಗ ಎಳೆಯುವ ಚಕ್ರದ ಮೇಲೇ ಬೀಳುತ್ತದೆ.

ನೀರಿನ ವಿಷಯದಲ್ಲಿ ಎಸ್‌ಯುವಿ ಕೊಡುವ ಧೈರ್ಯವೇ ಅಪಾಯ. ಮಂಗಳೂರಲ್ಲಿ ಜೋರು ಮಳೆ ಬಂದಾಗ ಪಂಪ್‌ವೆಲ್, ಕೊಟ್ಟಾರ ಚೌಕಿಯಲ್ಲಿ ನೀರು ನಿಲ್ಲುವುದು ನಿಮಗೂ ಗೊತ್ತು. ಕಾರು ನೀರಲ್ಲಿ ಸಾಯುವುದು ಅಡಿ ಒದ್ದೆಯಾಗಿ ಅಲ್ಲ, ಎಂಜಿನ್ ಗಾಳಿ ಎಳೆದುಕೊಳ್ಳುವ ಕೊಳವೆಗೆ ನೀರು ಹೋಗಿ. ಆ ಕೊಳವೆಯ ಬಾಯಿ ಎಲ್ಲಿದೆ ಎನ್ನುವುದು ಒಂದೊಂದು ಕಾರಿಗೆ ಒಂದೊಂದು ಥರ. ಗ್ರೌಂಡ್ ಕ್ಲಿಯರೆನ್ಸ್‌ಗೂ ಅದಕ್ಕೂ ನೇರ ಸಂಬಂಧ ಇಲ್ಲ. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಾಗುವುದಿಲ್ಲ. ಸಿಲಿಂಡರ್ ಒಳಗೆ ನೀರು ಸೇರಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ನೀರಿನ ಮಧ್ಯೆ ಕಾರು ಆಫ್ ಆದರೆ ಮತ್ತೆ ಸ್ಟಾರ್ಟ್ ಮಾಡಲೇಬೇಡಿ, ದೊಡ್ಡ ಹಾನಿ ಆಗುವುದು ಹೆಚ್ಚಾಗಿ ಆ ಎರಡನೇ ಸ್ಟಾರ್ಟ್‌ನಲ್ಲೇ. ಚಕ್ರದ ನಡುಭಾಗದ ಮಟ್ಟ ದಾಟಿದ ನೀರಿಗೆ ಯಾವ ಕಾರನ್ನೂ ಇಳಿಸಬೇಡಿ. ಹರಿಯುವ ನೀರಾದರೆ ಅಷ್ಟೂ ಬೇಡ, ಒಂದಡಿ ನೀರೇ ಸಣ್ಣ ಕಾರನ್ನು ಪಕ್ಕಕ್ಕೆ ತಳ್ಳಬಲ್ಲದು. ಸಾಮಾನ್ಯ ಇನ್ಶೂರೆನ್ಸ್ ಪಾಲಿಸಿಯಲ್ಲಿ ಇಂಥ ಎಂಜಿನ್ ಹಾನಿ ಸಿಗದೆ ಹೋಗಬಹುದು. ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ ಬೀಳುವ ಊರಲ್ಲಿ ಎಂಜಿನ್ ಪ್ರೊಟೆಕ್ಷನ್ ಆ್ಯಡ್-ಆನ್ ಹಾಕಿಸದಿರುವುದು ಉಳಿತಾಯ ಅಲ್ಲ ಮಾರಾಯ್ರೆ.

ಟೈರ್ ಬಗ್ಗೆ ಸ್ವಲ್ಪ. ಎನ್ ಲೈನ್‌ಗೆ 195/55 ಆರ್16 ಟೈರ್. ಅಂದರೆ ಅಗಲ 195 ಮಿ.ಮೀ., ಟೈರಿನ ಪಕ್ಕದ ಗೋಡೆಯ ಎತ್ತರ ಅದರ ಶೇ. 55, ಸುಮಾರು 107 ಮಿ.ಮೀ. ನೆಕ್ಸಾನ್‌ನ 215/60 ಆರ್16 ಟೈರಿನಲ್ಲಿ ಅದು 129. ನಮ್ಮಲ್ಲಿ ಕಾಂಕ್ರೀಟ್ ರಸ್ತೆಯ ಅಂಚಿಗೂ ಪಕ್ಕದ ಮಣ್ಣಿಗೂ ಒಂದು ಗೇಣು ವ್ಯತ್ಯಾಸ ಇರುವ ಜಾಗಗಳು ಬೇಕಾದಷ್ಟಿವೆ. ಎದುರಿನಿಂದ ಎಕ್ಸ್‌ಪ್ರೆಸ್ ಬಸ್ ಬಂದಾಗ ನಾವೆಲ್ಲ ಎಡಕ್ಕೆ ಇಳಿಯುವವರೇ. ಆಗ ತೆಳು ಟೈರಿನ ಕಾರಿಗೆ ಅಲಾಯ್ ಚಕ್ರ ಬಾಗುವ, ಟೈರಿನ ಬದಿ ಉಬ್ಬುವ ಸಂಭವ ಜಾಸ್ತಿ. ಇದು ಭಾವನ ಕಡೆಗೆ ಒಂದು ಅಂಕ.

ಅಮ್ಮನ ವಿಷಯವನ್ನು ನೀವು ಅರ್ಧ ಸಾಲಿನಲ್ಲಿ ಮುಗಿಸಿದ್ದೀರಿ. ನನ್ನ ಲೆಕ್ಕದಲ್ಲಿ ಇದು ಮಣ್ಣಿನ ದಾರಿಗಿಂತಲೂ ದೊಡ್ಡದು. ದಾರಿ ಸರಿಮಾಡಬಹುದು, ಕಾರಿನ ತಗ್ಗು ಸರಿಮಾಡಲಾಗುವುದಿಲ್ಲ. ತಗ್ಗಿನ ಕಾರಿಗೆ ಹತ್ತುವಾಗ ಮಂಡಿ ಪೂರ್ತಿ ಮಡಚಿ ಕೆಳಗೆ ಕೂರಬೇಕು, ಇಳಿಯುವಾಗ ಅದೇ ಮಂಡಿಯ ಮೇಲೆ ಭಾರ ಹಾಕಿ ಏಳಬೇಕು. ಎಸ್‌ಯುವಿಯ ಸೀಟು ಸೊಂಟದ ಮಟ್ಟಕ್ಕೆ ಹತ್ತಿರ ಇರುತ್ತದೆ, ಪಕ್ಕಕ್ಕೆ ಸರಿದು ಕೂತರೆ ಆಯಿತು. ಟೆಸ್ಟ್ ಡ್ರೈವ್ ದಿನ ಅಮ್ಮನನ್ನು ಮುಂದಿನ ಸೀಟಿಗೂ ಹಿಂದಿನ ಸೀಟಿಗೂ ಎರಡೆರಡು ಸಲ ಹತ್ತಿಸಿ ಇಳಿಸಿ. ಅವರು "ಪರವಾಗಿಲ್ಲ ಮಗ" ಅಂತಲೇ ಹೇಳುತ್ತಾರೆ, ಅದನ್ನು ನಂಬಬೇಡಿ. ಏಳುವಾಗ ಕೈಯನ್ನು ಎಲ್ಲಿ ಊರುತ್ತಾರೆ ನೋಡಿ. ಬಾಗಿಲಿನ ಕಂಬ ಹಿಡಿದು ಎಳೆದುಕೊಂಡು ಏಳುತ್ತಿದ್ದರೆ ಉತ್ತರ ಸಿಕ್ಕಿತು. ಹ್ಯಾಚ್‌ಬ್ಯಾಕ್‌ಗಳಲ್ಲಿ ಈ ವಿಷಯದಲ್ಲಿ ಟಾಟಾ ಆಲ್ಟ್ರೋಜ್ ವಾಸಿ, ಅದರ ಬಾಗಿಲು 90 ಡಿಗ್ರಿ ತೆರೆಯುತ್ತದೆ. ಅದರ ರೇಸರ್ ಮಾದರಿ 2024ರಲ್ಲಿ ಬಂತು, 120 ಪಿಎಸ್ ಟರ್ಬೊ. ಚೆನ್ನಾಗಿ ಇಟ್ಟುಕೊಂಡ ಸೆಕೆಂಡ್ ಹ್ಯಾಂಡ್ ರೇಸರ್ ಸಿಕ್ಕಿದರೆ ಒಮ್ಮೆ ನೋಡಿ ಎನ್ನುತ್ತೇನೆ.

ಸುರಕ್ಷತೆಯನ್ನೂ ಹೇಳಿಬಿಡುತ್ತೇನೆ, ಮಗಳಿದ್ದಾಳಲ್ಲ. ಐ20ಯನ್ನು 2022ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ (ಕಾರುಗಳನ್ನು ಗುದ್ದಿಸಿ ಸುರಕ್ಷತೆಗೆ ಸ್ಟಾರ್ ಕೊಡುವ ಸಂಸ್ಥೆ) ಪರೀಕ್ಷಿಸಿದಾಗ 3 ಸ್ಟಾರ್ ಬಂದಿತ್ತು. ಅದು ಎರಡು ಏರ್‌ಬ್ಯಾಗ್ ಇದ್ದ ಮಾದರಿ, ಈಗಿನದರಲ್ಲಿ ಆರು ಇವೆ. ನೆಕ್ಸಾನ್, ಎಕ್ಸ್‌ಯುವಿ 3ಎಕ್ಸ್ಒ, ಕೈಲಾಕ್ ಮೂರಕ್ಕೂ ನಮ್ಮ ದೇಶದ್ದೇ ಪರೀಕ್ಷೆಯಾದ ಭಾರತ್ ಎನ್‌ಕ್ಯಾಪ್‌ನಲ್ಲಿ 5 ಸ್ಟಾರ್. ಎರಡೂ ಒಂದೇ ಪರೀಕ್ಷೆ ಅಲ್ಲ, ಅಂಕಕ್ಕೆ ಅಂಕ ಹೋಲಿಸಲಾಗುವುದಿಲ್ಲ. ಆದರೂ ನಾನಾಗಿದ್ದರೆ ಇದನ್ನು ಕಣ್ಣುಮುಚ್ಚಿ ದಾಟುವುದಿಲ್ಲ. ಮಗಳಿಗೆ ಐಸೊಫಿಕ್ಸ್ (ಕಾರಿನ ಸೀಟಿನ ಕೊಕ್ಕೆಗೇ ಬಿಗಿಯುವ) ಚೈಲ್ಡ್ ಸೀಟು ಕಾರಿನ ಜೊತೆಗೇ ತೆಗೆದುಕೊಳ್ಳಿ, ಯಾರದೇ ತೊಡೆಯ ಮೇಲೆ ಕೂರಿಸಿಕೊಂಡು ಘಾಟಿ ಹತ್ತಬೇಡಿ.

ದುಡ್ಡಿನ ವಿಷಯದಲ್ಲಿ ಒಂದೇ ಎಚ್ಚರ. ಕರ್ನಾಟಕದಲ್ಲಿ ಪೆಟ್ರೋಲ್ ಕಾರಿನ ರಸ್ತೆ ತೆರಿಗೆ 5ರಿಂದ 10 ಲಕ್ಷದವರೆಗೆ ಶೇ. 14, ಅದು ದಾಟಿದರೆ 20 ಲಕ್ಷದವರೆಗೆ ಶೇ. 17, ಅದೂ ಪೂರ್ತಿ ಬೆಲೆಯ ಮೇಲೆ. 9.95 ಲಕ್ಷದ ಕಾರಿಗೂ 10.05 ಲಕ್ಷದ ಕಾರಿಗೂ ಬೆಲೆಯಲ್ಲಿ ವ್ಯತ್ಯಾಸ 10 ಸಾವಿರ, ತೆರಿಗೆಯಲ್ಲಿ ವ್ಯತ್ಯಾಸ ಸೆಸ್ ಬಿಟ್ಟೇ 31 ಸಾವಿರ. ಸನ್‌ರೂಫ್ ಆಸೆಗೆ ಒಂದು ಮೆಟ್ಟಿಲು ಮೇಲಿನ ವೇರಿಯಂಟ್‌ಗೆ ಹೋಗುವವರು ಇಲ್ಲೇ ಸಿಕ್ಕಿಬೀಳುವುದು. ಅಂದಹಾಗೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಸನ್‌ರೂಫ್ ಒಂದು ದುಬಾರಿ ಕಿಟಕಿ ಗಾಜು.

ಎಲ್ಲ ಲೆಕ್ಕ ಹಾಕಿ ನನ್ನ ತೀರ್ಪು ಎಸ್‌ಯುವಿ ಕಡೆಗೆ, ಆದರೆ ಭಾವ ಹೇಳಿದ ಕಾರಣಕ್ಕಲ್ಲ. ನೀವು ಒಬ್ಬರೇ ಅಥವಾ ಇಬ್ಬರೇ ಇದ್ದಿದ್ದರೆ ಎನ್ ಲೈನ್ ಮ್ಯಾನುವಲ್ ತೆಗೆದುಕೊಳ್ಳಿ, ದಾರಿಗೆ ಜಲ್ಲಿ ಹಾಕಿಸಿ ಅಂತ ಹೇಳಿ ಪತ್ರ ಮುಗಿಸುತ್ತಿದ್ದೆ. ಅಮ್ಮನ ಮಂಡಿ ಅದನ್ನು ಬದಲಿಸಿತು. ಎಸ್‌ಯುವಿಗಳಲ್ಲಿ ನಿಮ್ಮ ಮನಸ್ಸಿಗೆ ಹಿಡಿಸಬಹುದಾದದ್ದು ಕೈಲಾಕ್ ಮ್ಯಾನುವಲ್. ಒಂದು ಲೀಟರ್ ಟರ್ಬೊ, 115 ಪಿಎಸ್, 178 ಎನ್‌ಎಂ, ಆರು ಗೇರು. ತಿರುವಿನಲ್ಲಿ ಇತರ ಸಣ್ಣ ಎಸ್‌ಯುವಿಗಳಷ್ಟು ವಾಲುವುದಿಲ್ಲ, ಸ್ಟೀರಿಂಗ್ ಮಾತು ಕೇಳುತ್ತದೆ, ಡಿಕ್ಕಿ 446 ಲೀಟರ್. ಹಿಂದಿನ ಸೀಟಿನಲ್ಲಿ ಮೂವರು ದೊಡ್ಡವರು ಕೂತರೆ ಇಕ್ಕಟ್ಟು, ನಿಮಗೆ ಸದ್ಯ ಆ ತೊಂದರೆ ಇಲ್ಲ. ಸರ್ವಿಸ್ ಸೆಂಟರ್ ನಿಮಗೆ ಎಷ್ಟು ದೂರ, ಬಿಡಿಭಾಗ ಎಷ್ಟು ದಿನಕ್ಕೆ ಬರುತ್ತದೆ ಅಂತ ಬುಕ್ ಮಾಡುವ ಮೊದಲೇ ವಿಚಾರಿಸಿ. ದಿಣ್ಣೆ ಕೈಲಾಕ್‌ಗೂ ತಾಗಿತು, ದಾರಿ ಸರಿಮಾಡಲೂ ಆಗುವುದಿಲ್ಲ ಎಂದಾದರೆ ನೆಕ್ಸಾನ್‌ಗೆ ಹೋಗಿ. ಓಡಿಸುವ ಮಜಾ ಸ್ವಲ್ಪ ಕಡಿಮೆ, ಆದರೆ ಹಾಳು ರಸ್ತೆಯಲ್ಲಿ ಅದರ ಸಸ್ಪೆನ್ಶನ್ ಮೈ ಕುಲುಕಿಸುವುದಿಲ್ಲ, ಆ ವಿಷಯದಲ್ಲಿ ಎನ್ ಲೈನ್ ಅದರ ಹತ್ತಿರವೂ ಬರುವುದಿಲ್ಲ.

ನಿಮ್ಮ ಹೆಂಡತಿ ಕಾರು ಓಡಿಸುತ್ತಾರಾ? ಅದನ್ನು ನೀವು ಬರೆಯಲೇ ಇಲ್ಲ. ಓಡಿಸುವುದಾದರೆ ಟೆಸ್ಟ್ ಡ್ರೈವ್‌ನಲ್ಲಿ ಆ ಮಣ್ಣಿನ ಏರನ್ನು ಹತ್ತಿಸಬೇಕಾದವರು ಅವರು. ನೀವು ಹಿಂದಿನ ಸೀಟಿನಲ್ಲಿ ಮಗಳ ಜೊತೆ ಕೂರಿ. ಸೀಟು ಎತ್ತರಿಸಿದರೆ ಬಾನೆಟ್‌ನ ಅಂಚು ಅವರಿಗೆ ಕಾಣಿಸುತ್ತದಾ, ಏರಿನ ತುದಿಯಲ್ಲಿ ಡಾಮರು ರಸ್ತೆಗೆ ಮೂತಿ ಹಾಕುವಾಗ ಮುಂದಿನ ಗಾಜಿನ ಬಲಗಡೆಯ ಕಂಬ ಅಡ್ಡ ಬರುತ್ತದಾ, ಅರ್ಧ ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡುವಾಗ ಕಾರು ಹಿಂದೆ ಜಾರುತ್ತದಾ, ಇಷ್ಟನ್ನು ಅವರೇ ನೋಡಿ ಹೇಳಲಿ. ಹಿಲ್ ಹೋಲ್ಡ್ (ಏರಿನಲ್ಲಿ ಹೊರಡುವಾಗ ಹಿಂದೆ ಜಾರದಂತೆ ಬ್ರೇಕ್ ಹಿಡಿದಿಡುವ ಸೌಲಭ್ಯ) ಇರುವ ವೇರಿಯಂಟನ್ನೇ ಟೆಸ್ಟ್‌ಗೆ ಕಳಿಸಲು ಶೋರೂಮಿನವರಿಗೆ ಮೊದಲೇ ಹೇಳಿಡಿ, ಮತ್ತು ಸಾಧ್ಯವಾದರೆ ಮಳೆ ಬಿದ್ದ ಮರುದಿನವೇ ತರಿಸಿ.